ಭಾನುವಾರ ಕೇಳೋಣ: ನ್ಯೂಯಾರ್ಕಿನ ಸ್ಕಾ, ಜೊತೆಗೆ ಸ್ವಿಂಗ್

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ನಮ್ಮ ಮನೆ ಮಹಡಿ ಮೇಲೆ ಸೇರೋಣ. ಈ ಸಲ ನ್ಯೂಯಾರ್ಕ್ ಸ್ಕಾ-ಜಾಝ್ ಆನ್ಸಾಂಬಲ್. 1994ರಲ್ಲಿ ಟೋಸ್ಟರ್ಸ್, ಸ್ಕಾಫ್ಲಾಸ್ ಮುಂತಾದ ಸ್ಕಾ ತಂಡಗಳವರೇ ಸೇರಿ ಕಟ್ಟಿದ ಬ್ಯಾಂಡು. ಸ್ಕಾ ಅಂದ್ರೆ ಜಮೈಕಾದ ಕುಣಿತದ ಸಂಗೀತ, ಸ್ವಿಂಗ್ ಅಂದ್ರೆ ಜಾಝ್‌ನದೇ ಒಂದು ಬಗೆ.

ಕೇಳುವಾಗ ಗಿಟಾರ್ ಕಡೆ ಕಿವಿ ಕೊಡಿ. ಸುಮ್ನೆ ಕಾಲಿನಲ್ಲಿ ತಾಳ ಹಾಕಿ. ಕಾಲು ನೆಲದಿಂದ ಮೇಲೆದ್ದಾಗ 'ಚಕ್' ಅಂತ ಗಿಟಾರ್ ಬೀಳುತ್ತದೆ. ಅದು ಸ್ಕಾ. ಬಾಸ್ (ತಗ್ಗು ದನಿಯ ತಂತಿವಾದ್ಯ) ಮಾತ್ರ ತಾಳಕ್ಕೊಂದು ಸ್ವರ ಹಾಕುತ್ತಾ ನಡೆದುಕೊಂಡೇ ಹೋಗುತ್ತದೆ. ಅದು ಸ್ವಿಂಗ್ ಮನೆಯದು. ಮೊದಲ ಸಲ ನನಗೆ ಮೂರು ಬಾರಿ ತಾಳ ತಪ್ಪಿತು!

ಇದು ಹೊಸ ಬೆರಕೆಯೇನಲ್ಲ. 1950ರ ದಶಕದ ಕೊನೆಗೆ ಜಮೈಕಾದಲ್ಲಿ ಸ್ಕಾ ಶುರು ಮಾಡಿದವರಲ್ಲಿ ಬಹಳ ಮಂದಿ ಅದಕ್ಕೂ ಮುಂಚೆ ಸ್ವಿಂಗ್, ಜಾಝ್ ನುಡಿಸುತ್ತಿದ್ದವರೇ. ಟ್ರಂಬೋನ್ ಎಂಬ ಊದುವ ವಾದ್ಯ ನುಡಿಸುತ್ತಿದ್ದ ಡಾನ್ ಡ್ರಮಂಡ್ ಅವರಲ್ಲೊಬ್ಬರು. ಹಾಗಾಗಿ ನ್ಯೂಯಾರ್ಕಿನವರು ಮಾಡಿದ್ದು ತವರಿಗೆ ಹೋಗಿ ಬಂದಂತೆ, ಅಲ್ವಾ?

ದಯವಿಟ್ಟು ಮೊಬೈಲ್ ಸ್ಪೀಕರಿನಲ್ಲಿ ಮೊದಲೇ ಕೇಳಿಬಿಡಬೇಡಿ, ಬಾಸ್ ಸುತರಾಂ ಕೇಳಿಸೋದಿಲ್ಲ. ಕಳೆದ ಸಲ ಕೆಳಮನೆಯವರು ಬೈದಿದ್ದಾರೆ, 8ಕ್ಕೆ ಮುಗಿಸಲೇಬೇಕು. ಚುರುಮುರಿ ನನ್ನದು. ಕಾಫಿ ಫ್ಲಾಸ್ಕ್ ಯಾರು ತರ್ತೀರಿ?