ಪೋಷಕರಿಗೆ ಪತ್ರ: ಶನಿವಾರದ ಗುಡ್ಡದ ನಡಿಗೆಯ ಕುರಿತು

ಮಾನ್ಯ ಪೋಷಕರೇ, ನಮಸ್ಕಾರ.

ಕಳೆದ ಶನಿವಾರ ಶಾಲೆಯ ಗುಡ್ಡದ ನಡಿಗೆಯಲ್ಲಿ ನಾಲ್ಕನೇ ತರಗತಿಯ ಮಗುವೊಂದು ಗೌರಿ ಹೂವಿನ ಗಿಡವನ್ನು ಗಡ್ಡೆ ಸಮೇತ ಕಿತ್ತು ಚೀಲದಲ್ಲಿಟ್ಟು ಮನೆಗೆ ತಂದದ್ದು ನಿಮಗೆಲ್ಲ ತಿಳಿದಿದೆ. ಆ ಗಿಡವೆಲ್ಲ ವಿಷ, ಗಡ್ಡೆಯಂತೂ ಕಡುವಿಷ. ಮಗು ಅದನ್ನು ಬಾಯಿಗೆ ಹಾಕಿರಲಿಲ್ಲ. ಆದರೂ ತಾಯಿ ಗಾಬರಿಗೊಂಡದ್ದು ಸಹಜ. ಚೀಲ ನೋಡದೆ ಮಕ್ಕಳನ್ನು ಕಳುಹಿಸಿದ್ದು ನಮ್ಮ ತಪ್ಪು; ಕ್ಷಮೆ ಕೇಳುತ್ತೇನೆ.

ಇನ್ನು ಮುಂದೆ ಗುಡ್ಡದಲ್ಲಿ ಮಕ್ಕಳು ಯಾವ ಹೂವನ್ನೂ ಕೀಳುವಂತಿಲ್ಲ. ನೋಡಬೇಕು, ಹೆಸರು ಕೇಳಬೇಕು, ಪುಸ್ತಕದಲ್ಲಿ ಚಿತ್ರ ಬರೆದುಕೊಳ್ಳಬೇಕು. ಗೌರಿ ಹಬ್ಬಕ್ಕೆ ಒಂದು ಹೂವು ತಂದರೆ ಏನಾಯಿತು ಎಂದು ಕೆಲವರು ಕೇಳಿದ್ದೀರಿ. ಹಬ್ಬದ ಹೂವನ್ನು ಹಿರಿಯರು ತರಲಿ, ನನ್ನ ಅಡ್ಡಿಯಿಲ್ಲ. ಆದರೆ 2022ರಲ್ಲಿ ಮುಳ್ಳಯ್ಯನಗಿರಿಯ ಇಳಿಜಾರಿನಲ್ಲಿ ನೀಲಕುರಿಂಜಿ ಅರಳಿದಾಗ ಕಂತೆಗಟ್ಟಲೆ ಕಿತ್ತೊಯ್ದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹನ್ನೆರಡು ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಕಟ್ಟಿ, ಸಾಯುವ ಗಿಡ ಅದು. ಹೂವು ಕಿತ್ತರೆ ಬೀಜವೆಲ್ಲಿಂದ ಬರಬೇಕು? ಮುಂದಿನ ಸರದಿ 2034ಕ್ಕೆ. ಈಗಿನ ನಾಲ್ಕನೇ ತರಗತಿಯವರು ಆಗ ಕಾಲೇಜಿನಲ್ಲಿರುತ್ತಾರೆ. ಅವರಿಗೂ ನೋಡಲು ಉಳಿದಿರಲಿ.

ನಡಿಗೆಯನ್ನೇ ನಿಲ್ಲಿಸಿ ಎಂದು ಹಲವರು ಬರೆದಿದ್ದೀರಿ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ನಿಲ್ಲಿಸಲಾರೆ. ಆ ಮಗು ಗಡ್ಡೆ ಕಿತ್ತದ್ದು ತಿಳಿಯದೆ. ನಿಮ್ಮ ತೋಟದ ಬೇಲಿಯಲ್ಲೂ ಅದೇ ಹೂವು ಅರಳುತ್ತದೆ. ನಾವು ಗುಡ್ಡಕ್ಕೆ ಹೋಗದಿದ್ದರೆ ಬೇಲಿಯ ಬಳ್ಳಿ ಇಲ್ಲವಾಗುವುದಿಲ್ಲ. ಗಿಡದ ಗುರುತು ಇರುವ ಮಗುವೇ ಸುರಕ್ಷಿತ ಎಂದು ನಾನು ನಂಬಿದ್ದೇನೆ.

ಜೂನ್ ತಿಂಗಳಲ್ಲಿ ಮಕ್ಕಳಿಗೆ ಕಾಡುಹೂವು ತೋರಿಸಿ ಎಂದಾಗ ಎಲ್ಲರೂ ಬೊಟ್ಟು ಮಾಡಿದ್ದು ಲಂಟಾನದ ಕಡೆಗೆ. ಅದು ಅಮೆರಿಕ ಖಂಡದಿಂದ ಬಂದ ಗಿಡ. ಈಗ ಅವರೇ ಮರದ ಮೇಲೆ ಬೆಳೆಯುವ ಸೀತಾಳೆ ದಂಡೆ ಎಂಬ ಆರ್ಕಿಡ್ ಗಿಡವನ್ನು ದೂರದಿಂದ ಗುರುತಿಸುತ್ತಾರೆ. ಬಂಡೆಯ ಮೇಲೆ ನೀರು ಜಿನುಗುವಲ್ಲಿ ಬೆರಳುದ್ದದ ಯುಟ್ರಿಕ್ಯುಲೇರಿಯಾ ಇದೆ. ಬುಡದ ಪುಟ್ಟ ಚೀಲಗಳಲ್ಲಿ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುವ ಗಿಡ. ಅದನ್ನು ನೋಡಲು ನೆಲದ ಮೇಲೆ ಬೋರಲು ಮಲಗಲೇಬೇಕು. ಸಮವಸ್ತ್ರದ ಕೆಸರು ಅಲ್ಲಿಯದು.

ಪಾಠ ತಪ್ಪುತ್ತಿಲ್ಲ, ಶನಿವಾರದ ತರಗತಿ ಮುಗಿದ ಮೇಲೆಯೇ ಹೊರಡುತ್ತೇವೆ. ಉಂಬಳ (ಜಿಗಣೆ) ಕಚ್ಚಿದರೆ ರಕ್ತ ಬೇಗ ಹೆಪ್ಪುಗಟ್ಟದೆ ಬಹಳ ಹೊತ್ತು ಒಸರುತ್ತದೆ, ಗಾಯ ಮಾತ್ರ ಚಿಕ್ಕದು. ಉಪ್ಪು, ಸುಣ್ಣ ಶಿಕ್ಷಕರ ಬಳಿ ಇರುತ್ತವೆ. ಕಾಡಿನ ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆಯ ಕಾಲವಾದ ಡಿಸೆಂಬರ್‌ನಿಂದ ಬೇಸಿಗೆ ಮುಗಿಯುವವರೆಗೆ ಗುಡ್ಡಕ್ಕೆ ಹೋಗುವುದೇ ಇಲ್ಲ. ಇಳಿದು ಬಂದ ಮೇಲೆ ಪ್ರತಿ ಮಗುವಿನ ಚೀಲವನ್ನೂ ನಾನೇ ನೋಡುತ್ತೇನೆ. ಇಷ್ಟಾದ ಮೇಲೂ ಮನಸ್ಸು ಒಪ್ಪದವರು ಒಂದು ಶನಿವಾರ ನಮ್ಮೊಂದಿಗೆ ಬನ್ನಿ.

ಈ ಶುಕ್ರವಾರದೊಳಗೆ ಒಪ್ಪಿಗೆ ಚೀಟಿಗೆ ಸಹಿ ಮಾಡಿ, ಒಂದು ಜೊತೆ ಉದ್ದನೆಯ ಕಾಲುಚೀಲದೊಂದಿಗೆ ಕಳುಹಿಸಿಕೊಡಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ