ಇಸಿಯು ಬೋರ್ಡಿನ ಕೆಪಾಸಿಟರ್ ಬದಲಾವಣೆಯಲ್ಲಿ ಲೋಪ: ಹಣ ವಾಪಸಾತಿಗಾಗಿ ದೂರು

ಇವರಿಗೆ,
ವ್ಯವಸ್ಥಾಪಕರು,
ಕಾರ್ ಇಸಿಯು ರಿಪೇರಿ ಕೇಂದ್ರ,
ಬೆಂಗಳೂರು

ಮಾನ್ಯರೇ,

ನನ್ನ 2000ನೇ ಇಸವಿಯ ಪೆಟ್ರೋಲ್ ಕಾರಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ನಿಮ್ಮಲ್ಲಿ ರಿಪೇರಿ ಆಗಿ ಬಂದಿದೆ. ‘3 ಕೆಪಾಸಿಟರ್ ಬದಲಾವಣೆ, ಬೋರ್ಡ್ ಕ್ಲೀನಿಂಗ್, ಟೆಸ್ಟಿಂಗ್’ ಎಂದು 6,500 ರೂಪಾಯಿ ಬಿಲ್ ಹಾಕಿದ್ದೀರಿ. ಚೌಕಾಸಿ ಮಾಡದೆ ಪೂರ್ತಿ ಕೊಟ್ಟಿದ್ದೇನೆ. ಒಂದಷ್ಟು ದಿನ ಗಾಡಿ ಚೆನ್ನಾಗಿಯೇ ಓಡಿತು. ಈಗ ಮತ್ತೆ ಅದೇ ರಾಗ. ಎಂಜಿನ್ ಬಿಸಿಯಾದರೆ ಐಡಲಿಂಗ್‌ನಲ್ಲಿ ಆರ್‌ಪಿಎಂ ಏರಿಳಿದು, ಸಿಗ್ನಲ್‌ನಲ್ಲಿ ನಿಂತಾಗ ಆಫ್ ಆಗುತ್ತದೆ. ಕೀ ತಿರುಗಿಸಿದಾಗ ಕೆಲವೊಮ್ಮೆ ಚೆಕ್ ಎಂಜಿನ್ ದೀಪವೇ ಹೊತ್ತುವುದಿಲ್ಲ.

ಫೋನ್ ಮಾಡಿದ್ದಕ್ಕೆ ನಿಮ್ಮ ಟೆಕ್ನಿಷಿಯನ್ “ಹಳೇ ಗಾಡಿ ಅಲ್ವಾ ಸಾರ್, ಸೆನ್ಸರ್ ಹೋಗಿರುತ್ತೆ” ಅಂದರು. ಸೆನ್ಸರ್‌ಗಳನ್ನು ಚೆಕ್ ಮಾಡಿಸಿದೆ, ಎಲ್ಲವೂ ಸರಿಯಿವೆ. ಕೊನೆಗೆ ಇಲ್ಲಿ ತುಮಕೂರಿನಲ್ಲೇ ಯುಪಿಎಸ್, ಟಿವಿ ಬೋರ್ಡ್ ರಿಪೇರಿ ಮಾಡುವವರೊಬ್ಬರಿಂದ ಇಸಿಯು ಬಿಚ್ಚಿಸಿದೆ. ವಿಡಿಯೊ ಮಾಡಿಟ್ಟುಕೊಂಡಿದ್ದೇನೆ.

ಮುಚ್ಚಳ ತೆಗೆಯುತ್ತಿದ್ದಂತೆ ಕೊಳೆತ ಮೀನಿನ ವಾಸನೆ. ಕೆಪಾಸಿಟರ್ ಒಳಗಿನ ದ್ರವ, ಅಂದರೆ ಎಲೆಕ್ಟ್ರೋಲೈಟ್ ಸೋರಿದ ಗುರುತು ಅದು, ನಿಮಗೆ ನಾನು ಹೇಳಿಕೊಡಬೇಕಿಲ್ಲ. ಮೂರರಲ್ಲಿ ಒಂದೇ ಒಂದು ಕೆಪಾಸಿಟರ್ ಹೊಸದು. ಉಳಿದೆರಡರ ಬುಡದಲ್ಲಿ ಹಳೆಯ ಕಂದು ಅಂಟು ಹಾಗೇ ಕೂತಿದೆ, ಬೆಸುಗೆಯನ್ನು ಯಾರೂ ಮುಟ್ಟಿಲ್ಲ. ಬಿಚ್ಚಿದ ಹಳೆಯ ಪಾರ್ಟ್ಸ್ ಕೊಡಿ ಎಂದು ಅಂದು ಕೇಳಿದಾಗ “ಎಸೆದುಬಿಟ್ವಿ” ಅಂದಿದ್ದಿರಿ. ಎಸೆದೆವು ಎಂದ ಮೂರರಲ್ಲಿ ಎರಡು ಇನ್ನೂ ಬೋರ್ಡಿನ ಮೇಲೇ ಇವೆ!

ಹಾಕಿರುವ ಆ ಒಂದಾದರೂ ಸರಿಯಿದೆಯೇ? ಮೊದಲು ಅಲ್ಲಿದ್ದದ್ದು 47 ಮೈಕ್ರೊಫ್ಯಾರಡ್, 50 ವೋಲ್ಟ್, 105 ಡಿಗ್ರಿಯದು. ನೀವು ಕೂರಿಸಿದ್ದು ಹೆಚ್ಚೆಂದರೆ 16 ವೋಲ್ಟ್, 85 ಡಿಗ್ರಿ ತಾಳುವಂಥದ್ದು. ಎಂಜಿನ್ ಓಡುವಾಗ ಆಲ್ಟರ್ನೇಟರ್ 14 ವೋಲ್ಟ್‌ಗೂ ಮೇಲೆ ಕೊಡುತ್ತದೆ, ಬ್ಯಾಟರಿ ಕನೆಕ್ಷನ್ ಸಡಿಲವಾದರಂತೂ ಇನ್ನೂ ಮೇಲಕ್ಕೆ ಜಿಗಿಯುತ್ತದೆ. ಬಿಸಿ 10 ಡಿಗ್ರಿ ಹೆಚ್ಚಿದರೆ ಇಂಥ ಕೆಪಾಸಿಟರ್‌ನ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ನಮ್ಮ ಬೇಸಿಗೆಯಲ್ಲಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಅದು ಎಷ್ಟು ದಿನ ಬಾಳೀತು? ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಎಸ್.ಪಿ. ರಸ್ತೆಯಲ್ಲಿ ಒಳ್ಳೆಯದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕೆಲವೇ ರೂಪಾಯಿ. 6,500 ತೆಗೆದುಕೊಂಡವರು ಅಲ್ಲಿ ಉಳಿಸಬೇಕಿತ್ತೇ?

ಇದಕ್ಕಿಂತ ದೊಡ್ಡ ತಪ್ಪು ಅದರ ಅಡಿಯಲ್ಲಿದೆ. ಆ ಕೆಪಾಸಿಟರ್ ಎತ್ತಿಸಿ ನೋಡಿದರೆ ಬೋರ್ಡಿನಲ್ಲಿ ಕರೆಂಟ್ ಹರಿಯುವ ತಾಮ್ರದ ಟ್ರ್ಯಾಕ್ ಹಸಿರುಗಟ್ಟಿ, ಒಂದು ಕಡೆ ಕೂದಲೆಳೆಯಷ್ಟು ಮಾತ್ರ ಉಳಿದಿದೆ. ಸೋರಿದ್ದನ್ನು ಉಜ್ಜಿ ತೊಳೆದು, ತಿಂದುಹೋದ ಟ್ರ್ಯಾಕ್‌ಗೆ ಜಂಪರ್ ವೈರ್ ಹಾಕಿ, ಮೇಲೆ ಲ್ಯಾಕರ್ ಬಳಿಯುವುದಕ್ಕೆ ಕ್ಲೀನಿಂಗ್ ಅನ್ನುತ್ತಾರೆ. ನೀವು ಮಾಡಿರುವುದು ಕೀವು ತೊಳೆಯದೆ ಬ್ಯಾಂಡೇಜ್ ಸುತ್ತಿದ ಹಾಗಿದೆ.

ಇಷ್ಟು ವರ್ಷದ ಮೇಲೆ ಕೆಪಾಸಿಟರ್ ಸೋರಿದ್ದಕ್ಕೆ ಯಾರನ್ನೂ ದೂರುವುದಿಲ್ಲ. ಮಾಡದ ಕೆಲಸಕ್ಕೆ ಬಿಲ್ ಹಾಕಿದ್ದು ನನ್ನ ತಕರಾರು. ಆದ್ದರಿಂದ ಈ ಪತ್ರ ತಲುಪಿದ 15 ದಿನದೊಳಗೆ 6,500 ರೂಪಾಯಿ ಪೂರ್ತಿ ವಾಪಸ್ ಮಾಡಿ. “ಇಸಿಯು ಮತ್ತೆ ಕಳಿಸಿ, ನೋಡ್ತೀವಿ” ಅನ್ನುವ ಉತ್ತರ ಬೇಡ. ಈ ಮಾಡೆಲ್‌ಗೆ ಹೊಸ ಇಸಿಯು ಸಿಗುವುದಿಲ್ಲ, ಇರುವ ಒಂದನ್ನು ನಿಮ್ಮ ಕೈಗೆ ಇನ್ನೊಮ್ಮೆ ಕೊಡುವ ಧೈರ್ಯ ನನಗಿಲ್ಲ.

ಹಣ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಾನಿರುವ ತುಮಕೂರಿನಲ್ಲೇ ದೂರು ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ, ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ.

ಬಿಲ್ಲಿನ ಪ್ರತಿ ಮತ್ತು ಬೋರ್ಡಿನ ಫೋಟೊಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನೊಂದ ಗ್ರಾಹಕ
ತುಮಕೂರು