ನಿಮಗೇನಪ್ಪಾ, ಕೊಡಗಿನಲ್ಲಿದ್ದೀರಿ!

ಸಂಪಾದಕರಿಗೆ ನಮಸ್ಕಾರ.

ರಸ್ತೆ, ಕರೆಂಟು, ಆನೆ ಅಂತ ಬರೆದು ಬರೆದು ಸಾಕಾಗಿದೆ. ಇವತ್ತು ಒಂದು ಮಾತಿನ ಮೇಲೆ ದೂರು ಕೊಡುತ್ತಿದ್ದೇನೆ. ಆ ಮಾತು 'ನಿಮಗೇನಪ್ಪಾ'.

ಬೆಂಗಳೂರಿನಿಂದ ಯಾರೇ ಫೋನ್ ಮಾಡಲಿ, ಶುರುವಾಗುವುದೇ ಹೀಗೆ. 'ನಿಮಗೇನಪ್ಪಾ, ತೋಟ ಇದೆ, ತಣ್ಣಗೆ ಕೂತಿದ್ದೀರಿ, ಸ್ವರ್ಗ ಬಿಡಿ.' ಒಂದು ಜನವರಿಯಲ್ಲಿ ಕಣದ ತುಂಬ ಕಾಫಿ ಹರಡಿದ್ದೆವು. ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಕವಿದು ಹನಿ ಬಿತ್ತು. ನಾನು, ಹೆಂಡತಿ, ಇಬ್ಬರು ಕೆಲಸದವರು ಟಾರ್ಪಾಲಿನ ಮೂಲೆ ಹಿಡಿದು ಓಡುತ್ತಿದ್ದೇವೆ, ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇದೆ. ಏನೋ ಅರ್ಜೆಂಟ್ ಇರಬೇಕು ಅಂತ ಎತ್ತಿದರೆ ನಮ್ಮ ಭಾವ. 'ಅಲ್ಲಿ ಮಳೆಯಂತೆ! ನಿಮಗೇನಪ್ಪಾ, ಎಂಜಾಯ್ ಮಾಡಿ.'

ಕಾಫಿಗೆ ಮಳೆ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಕೊಯ್ಲು ಮುಗಿದ ಮೇಲೆ, ಫೆಬ್ರವರಿ-ಮಾರ್ಚ್‌ನಲ್ಲಿ ಹೂ ಅರಳಿಸಲು ಒಂದು ಮಳೆ, ಅದಾಗಿ ಕೆಲವು ವಾರಕ್ಕೆ ಕಾಯಿ ಕಟ್ಟಲು ಇನ್ನೊಂದು. ಜನವರಿಯಲ್ಲಿ ಸುರಿದರೆ ಕಣದ ಕಾಫಿಗೆ ಬೂಷ್ಟು ಹಿಡಿಯುತ್ತದೆ, ಗಿಡದ ಹಣ್ಣು ನೆಲಕ್ಕೆ ಉದುರುತ್ತದೆ. ಇನ್ನೂ ಕೊಯ್ಯದ ರೋಬಸ್ಟಾದಲ್ಲಿ ಹಣ್ಣಿನ ಪಕ್ಕದಲ್ಲೇ ಹೂ ಬಿಟ್ಟು ನಿಲ್ಲುತ್ತದೆ, ಈ ವರ್ಷದ ಹಣ್ಣು ಕೀಳಲು ಹೋದರೆ ಮುಂದಿನ ವರ್ಷದ ಫಸಲೂ ಕೈಗೆ ಕಿತ್ತು ಬರುತ್ತದೆ. ಇದೆಲ್ಲ ಭಾವನಿಗೆ ಫೋನಿನಲ್ಲಿ ಹೇಳೋದು ಹೇಗೆ? 'ಹೂಂ ಭಾವ, ಎಂಜಾಯ್ ಮಾಡ್ತಿದ್ದೇವೆ' ಅಂದು ಇಟ್ಟೆ.

ಇನ್ನೊಂದು, 'ನೀವು ಕೂರ್ಗಿನಾ?' ಹೌದು ಅಂದರೆ 'ಓ, ಮಿಲಿಟ್ರಿನಾ?' ಅಂತಾರೆ. ನಾನು ಕೊಡವನಲ್ಲ, ಅರೆಭಾಷೆ ಅನ್ನುವ ಇಲ್ಲಿನ ಕನ್ನಡ ಆಡುವವನು. ಬಂದೂಕು ಹಿಡಿದು ಗೊತ್ತಿಲ್ಲ, ಹಿಡಿದಿದ್ದು ಕತ್ತಿ, ಅದೂ ತೋಟದ ಕಳೆ ಕಡಿಯೋಕೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವರ ಮಾತು ಎಲ್ಲ ಒಂದೇ ಸಂತೆಯಲ್ಲಿ ಕೇಳುವ ಊರು ಇದು. ಬ್ರಿಟಿಷರು ಬಾಯಿ ತಿರುಗದೆ ಕೂರ್ಗ್ ಅಂದರು, ಹೋಗಲಿ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿ ಇಷ್ಟು ವರ್ಷ ಆಯ್ತು, ಕನ್ನಡದವರಿಗೆ ಕೊಡಗು ಅನ್ನೋಕೆ ಏನು ಕಷ್ಟ ಅಂತ.

ಪತ್ರಿಕೆಗಳೂ ಕಮ್ಮಿ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಜೂನ್ ಬಂದರೆ 'ವರುಣನ ಆರ್ಭಟ', ಡಿಸೆಂಬರ್ ಬಂದರೆ 'ದಕ್ಷಿಣದ ಕಾಶ್ಮೀರ'. ಆನೆ ಬಾಳೆ, ಕಾಫಿ ಎಲ್ಲ ತುಳಿದು ಹೋದರೆ 'ಗಜರಾಜನ ದರ್ಶನ'! ದರ್ಶನ ನಾವು ಕೇಳಿದ್ದೆವಾ? 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡವೇ ಜರಿದಾಗಲೂ 'ಪ್ರಕೃತಿಯ ಮುನಿಸು' ಅಂತ ಓದಿದ ನೆನಪು. ಮುನಿಸು ಅಂದರೆ ಹೆಂಡತಿ ಎರಡು ದಿನ ಮಾತು ಬಿಡುವುದು ಸ್ವಾಮಿ. ಗುಡ್ಡ ಜರಿಯಿತು ಅಂತ ಬರೆದರೆ ಸಾಕು, ನಮಗೆ ಅರ್ಥ ಆಗುತ್ತದೆ.

ಕರೆಂಟಿನವರ 'ಈಗ ಬರುತ್ತೆ' ಬಗ್ಗೆ ಏನೂ ಹೇಳುವುದಿಲ್ಲ. ಮಳೆಗಾಲದಲ್ಲಿ ಆ 'ಈಗ'ಕ್ಕೆ ನಾಲ್ಕು ದಿನವೂ ಆಗುತ್ತದೆ.

ಒಂದು ವಿಷಯ ಮಾತ್ರ ಒಪ್ಪಿಕೊಳ್ಳಬೇಕು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ತಂಗಿಗೆ ಫೋನ್ ಮಾಡಿದ್ದೆ. ನಮ್ಮಲ್ಲಿ ಬೆಳಗ್ಗೆಯಿಂದ ಕರೆಂಟ್ ಇರಲಿಲ್ಲ, ಆ ಸಿಟ್ಟಿನಲ್ಲಿ 'ನಿಮಗೇನಮ್ಮಾ, ಸಿಟಿ, ಸ್ವಿಚ್ ಒತ್ತಿದರೆ ಎಲ್ಲ ಬರುತ್ತೆ' ಅಂದುಬಿಟ್ಟೆ. ಅವಳು ಖಾಲಿ ಬಕೆಟ್ ಇಟ್ಟುಕೊಂಡು ನೀರಿನ ಟ್ಯಾಂಕರ್‌ಗೆ ಕಾಯುತ್ತಿದ್ದಳಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, 'ನಿಮಗೇನಣ್ಣಾ, ಕಾವೇರಿ ನಿಮ್ಮ ತಾಲ್ಲೂಕಿನಲ್ಲೇ ಹುಟ್ತಾಳೆ.'

— ಒಬ್ಬ ಓದುಗ, ಮಡಿಕೇರಿ ತಾಲ್ಲೂಕು